ಸಾಬುದಾಣಿ ತಿಂದು ಕೊಟ್ಟ ರಕ್ತ

ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ನಖರಾದಾಕಿ ಎಂದು ಹೆಸರಿಟ್ಟದ್ದು ಒಂದು ಎಳ್ಳಮಾವಾಸ್ಯೆಯ ದಿನ, ಹೊಲದಲ್ಲಿ, ಬೀಗರು ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ. ಅದನ್ನು ನಾನು ಮರೆತಿಲ್ಲ, ಮರೆಯುವ ಉದ್ದೇಶವೂ ಇಲ್ಲ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎಂದು ಜನ ಹೇಳುತ್ತಾರೆ. ನನಗೆ ವಯಸ್ಸಾದಂತೆ ಎಲುಬು ಇಳಿದಿದೆ, ಸಿಟ್ಟು ಇದ್ದಲ್ಲೇ ಇದೆ.

ನಮ್ಮದು ಬಸವಕಲ್ಯಾಣ ತಾಲೂಕಿನ ಹಳ್ಳಿ, ನಾರಾಯಣಪುರದ ಕಡೆ. ಎಳ್ಳಮಾವಾಸ್ಯೆಗೆ ನಮ್ಮಲ್ಲಿ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಸಜ್ಜೆ ರೊಟ್ಟಿ, ಕಾಳು ಸೊಪ್ಪು ಹಾಕಿ ಕುದಿಸಿದ ಭಜ್ಜಿ, ಅಂಬಲಿ ಎಲ್ಲವನ್ನೂ ಬುಟ್ಟಿಗಳಲ್ಲಿ ತುಂಬಿ, ಹೆಂಗಸರು ತಲೆಯ ಮೇಲೆ ಹೊತ್ತು ಹೊಲಕ್ಕೆ ಒಯ್ಯುತ್ತೇವೆ. ಭೂಮಿತಾಯಿಗೆ ಎಡೆಯೆಂದು ಬೆಳೆಗೆ ಚರಗ ಚೆಲ್ಲಿ, ಅಲ್ಲೇ ಜೋಳದ ನಡುವೆ ಎಲ್ಲರೂ ಸಾಲಾಗಿ ಕೂತು ಉಣ್ಣುವುದು. ಆ ವರ್ಷ ನನ್ನಿಂದ ಬುಟ್ಟಿ ಹೊರಲಾಗಲಿಲ್ಲ. ನಡುವಿನಿಂದ ಹಿಡಿದು ಬೆನ್ನಿನವರೆಗೆ ಯಾರೋ ಒಳಗೆ ಕೈ ಹಾಕಿ ತಿರುವಿದ ಹಾಗೆ ಬೇನೆ. ನೆಲಕ್ಕೆ ಕೂರುವುದು ಕಷ್ಟ, ಕೂತರೆ ಏಳುವುದು ಅದಕ್ಕಿಂತ ಕಷ್ಟ. ನನ್ನ ಗಂಡ ಪಾಪ, ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಹೊಲಕ್ಕೆ ತಂದರು. ಎಲ್ಲರೂ ನೆಲದ ಮೇಲೆ, ನಾನೊಬ್ಬಳು ಕುರ್ಚಿಯ ಮೇಲೆ. ನೆಗೆಣ್ಣಿ ಭಜ್ಜಿಯ ಪಾತ್ರೆ ಹಿಡಿದು ಬಡಿಸುತ್ತ ಬಂದವಳು ನನ್ನ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ಮಹಾರಾಣಿಗಿ ಕುರ್ಚಿ ಬೇಕಂತ ನೋಡ್ರಿ. ಬ್ಯಾನಿ ಗೀನಿ ಏನೂ ಇಲ್ಲ, ಬರೇ ನಖರಾ ಅದ ಇಕಿದು.”

ಎಲ್ಲರೂ ನಕ್ಕರು. ಅವಳ ಗಂಡ, ನನ್ನ ಭಾವ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ನಕ್ಕರು. ನನ್ನ ಗಂಡ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತ ಕೂತರು.

ನಖರಾ, ಅಂದರೆ ಬಿನ್ನಾಣ, ಸೋಗು ಅನ್ನುವುದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಮಾತು. ಹೊಸ ಮದುವಣಗಿತ್ತಿಗೆ ಹೇಳಿದರೆ ಅದು ಮುದ್ದು. ಹಾಲು ಕೊಡದೆ ಕಾಲು ಝಾಡಿಸುವ ಎಮ್ಮೆಗೆ ಹೇಳಿದರೆ ಬೇಸರ. ಮೊಮ್ಮಕ್ಕಳಿರುವ ಹೆಂಗಸಿಗೆ, ಬೀಗರ ಮುಂದೆ ಹೇಳಿದರೆ ಅದು ಕಪಾಳಕ್ಕೆ ಹೊಡೆದ ಹಾಗೆ. ಅವತ್ತು ಕುರ್ಚಿಯ ಮೇಲೆ ಕೂತೇ ನಿಶ್ಚಯಿಸಿದೆ, ಈ ಮಾತನ್ನು ಇವಳು ಇದೇ ಹೊಲದಲ್ಲಿ, ಇದೇ ಮಂದಿಯ ಮುಂದೆ ವಾಪಸು ತೆಗೆದುಕೊಳ್ಳಬೇಕು. ಅದಕ್ಕಿಂತ ಕಡಿಮೆಗೆ ನಾನು ಒಪ್ಪುವವಳಲ್ಲ.

ನನ್ನ ಬೇನೆಗೆ ಹುಮನಾಬಾದಿನಲ್ಲಿ ಒಬ್ಬ ಡಾಕ್ಟರ್ ಬಾಯಿ, ಅಂದರೆ ಡಾಕ್ಟರಮ್ಮ, ಸಿಕ್ಕರು. ವಾರಕ್ಕೊಮ್ಮೆ ಕಲಬುರಗಿಯಿಂದ ಬಂದು ಒಂದು ದವಾಖಾನೆಯಲ್ಲಿ ಕೂರುತ್ತಿದ್ದರು. ಅವರು ನನ್ನ ಬೆನ್ನನ್ನು ಒಂದೊಂದೇ ಮಣಿ ಒತ್ತಿ ನೋಡಿದರು. ಆಮೇಲೆ, ಗರ್ಭಚೀಲ ತೆಗೆಸಿದ್ದೀರಾ ಎಂದು ಕೇಳಿದರು. ನಮ್ಮ ಭಾಗದಲ್ಲಿ ಅದನ್ನು ಕೇಳಬೇಕೇ? ಬಿಳಿ ಹೋಗುತ್ತದೆ ಅಂದರೆ ತೆಗೆ, ಹೊಟ್ಟೆ ನೋಯುತ್ತದೆ ಅಂದರೆ ತೆಗೆ, ಹೀಗೇ ನಡೆದಿತ್ತು ಒಂದು ಕಾಲ. ನೆಗೆಣ್ಣಿ ಮೊದಲು ತೆಗೆಸಿಕೊಂಡು ಬಂದಳು. ಬಂದು ನನಗೆ, “ತಗಸಿಬಿಡು ಅತ್ಲಾಗ, ಒಮ್ಮೆಗೇ ಕಟಕಟಿ ಮುಗೀತದ” ಎಂದು ತಾನೇ ಕೈ ಹಿಡಿದು ಕರೆದುಕೊಂಡು ಹೋದಳು. ಆಗ ನಮ್ಮಿಬ್ಬರ ಮಕ್ಕಳೂ ಇನ್ನೂ ಸಾಲೆಗೆ ಹೋಗುತ್ತಿದ್ದವು. ಡಾಕ್ಟರ್ ಬಾಯಿ ಸ್ಕ್ಯಾನ್ ಮಾಡಿ ನೋಡಿ, ಚೀಲದ ಜೊತೆ ಅಂಡಾಶಯಗಳನ್ನೂ ತೆಗೆದಿದ್ದಾರೆ ಎಂದರು. ಹಾಗೆ ತೆಗೆದದ್ದು ನಮಗೆ ಯಾರೂ ಹೇಳಿರಲಿಲ್ಲ. ಎಲುಬನ್ನು ಕಾಯುವ ರಸ ಅಲ್ಲಿಂದಲೇ ಬರುತ್ತಿತ್ತಂತೆ. ತೆಗೆದ ಡಾಕ್ಟರ ಮುಖ ನನಗೆ ನೆನಪಿಲ್ಲ. ಕರೆದುಕೊಂಡು ಹೋದವಳ ಮುಖ ದಿನಾ ಕಣ್ಣ ಮುಂದೆ ಇತ್ತು. ಹಾಗಾಗಿ ಇದನ್ನೂ ಅವಳ ತಲೆಗೇ ಕಟ್ಟಿದೆ.

ಡಾಕ್ಟರ್ ಬಾಯಿ ತಿಳಿಯುವ ಹಾಗೆ ಹೇಳುವವರು. “ನಿಮ್ಮ ಮನಿ ಮ್ಯಾಲ ಮಣ್ಣಿನ ಮಾಳಿಗಿ ಅದ ಏನ್ರಿ?” ಎಂದು ಕೇಳಿದರು. ಇದೆ ಎಂದೆ.

“ಮಳಿ ಬಂದಾಗ ಮಾಳಿಗಿ ಅಂಚಿನ ದೋಣಿಯಿಂದ ಬೀಳೋ ನೀರು ತಿಳಿ ಇದ್ರ ಮಾಳಿಗಿ ಗಟ್ಟಿ ಅದ. ನೀರು ರಾಡಿ ಬಂತಂದ್ರ ಮ್ಯಾಲ ಮಣ್ಣು ಕರಗಾಕತ್ತದ. ಮ್ಯಾಲ ಹತ್ತಿ ನೋಡೋದೇ ಬ್ಯಾಡ. ಎಲುಬೂ ಹಂಗೇ. ದಿನಾ ಒಂಚೂರು ಒಡೀತದ, ಒಂಚೂರು ಕಟ್ತದ. ಒಡಿಯೋದು ಜಾಸ್ತಿ ಆದ್ರ ಅದರ ಚೂರು ರಕ್ತದಾಗ ಬರ್ತಾವ, ರಕ್ತದಿಂದ ಮೂತ್ರದಾಗ ಬರ್ತಾವ. ನಿಮ್ಮ ನೀರು ಎಷ್ಟು ರಾಡಿ ಅದ ನೋಡೋಣ.”

ಆ ಚೂರುಗಳಿಗೆ ಹೆಸರುಂಟು. ರಕ್ತದಲ್ಲಿ ನೋಡುವುದು ಸಿಟಿಎಕ್ಸ್, ಮೂತ್ರದಲ್ಲಿ ನೋಡುವುದು ಎನ್‌ಟಿಎಕ್ಸ್. ಜೊತೆಗೆ ಕ್ಯಾಲ್ಸಿಯಂ, ಥೈರಾಯ್ಡ್, ಡಿ ಜೀವಸತ್ವ. ಚೂರುಗಳು ಹೆಚ್ಚಿದ್ದರೆ ಕಲಬುರಗಿಗೆ ಹೋಗಿ ಎಲುಬಿನ ಗಟ್ಟಿತನ ಅಳೆಯುವ ಸ್ಕ್ಯಾನ್ ಮಾಡಿಸಬೇಕು, ಗುಳಿಗೆ ಶುರು ಮಾಡಬೇಕು. ಮನೆಯಲ್ಲಿ ಭಾವನೇ ಹಿರಿಯರು. ಮದುವೆಯಾಗಿ ಬಂದಾಗಿನಿಂದ ನಾನು ಅವರ ಎದುರು ಸೆರಗು ಮುಂದೆಳೆದು ನಿಲ್ಲುವವಳೇ ಹೊರತು ನೇರ ಮಾತಾಡಿದವಳಲ್ಲ. ಗಂಡನ ಮೂಲಕ ಕೇಳಿಸಿದೆ. “ಮೊದಲ ರಿಪೋರ್ಟ್ ಬರ್ಲಿ, ಆಮ್ಯಾಲ ಕಲಬುರಗಿ ಮಾತು” ಎಂದು ಅದೇ ದಾರಿಯಲ್ಲಿ ಉತ್ತರ ಬಂತು. ಅಂದರೆ ನನ್ನ ಬೇನೆ ಖರೆಯೋ ನಖರಾವೋ ಎಂಬುದನ್ನು ಇನ್ನು ನನ್ನ ರಕ್ತವೇ ಹೇಳಬೇಕಿತ್ತು.

ಲ್ಯಾಬಿನವರು ಹೇಳಿದ್ದು ಒಂದೇ ಮಾತು. “ಉಪವಾಸ ಬರ್ರಿ ಬಾಯಿ.”

ನನಗೆ ಉಪವಾಸ ಕಲಿಸಬೇಕೇ? ಸೋಮವಾರ, ಏಕಾದಶಿ, ಶಿವರಾತ್ರಿ, ಯಾವುದನ್ನೂ ಬಿಟ್ಟವಳಲ್ಲ. ಒಂದೇ ಉಪವಾಸದಲ್ಲಿ ಶಿವನೂ ಲ್ಯಾಬೂ ಎರಡೂ ಆಗಲಿ ಎಂದು ಸೋಮವಾರವೇ ಹೊರಟೆ. ಮುಂಜಾನೆ ಮಿಂದು, ಹಿಂದಿನ ಸಂಜೆ ನೆನೆಹಾಕಿದ್ದ ಸಾಬುದಾಣಿಗೆ, ಅಂದರೆ ಸಬ್ಬಕ್ಕಿಗೆ, ಶೇಂಗಾ ಪುಡಿ, ಹಸಿಮೆಣಸಿನಕಾಯಿ, ತುಪ್ಪ ಹಾಕಿ ಖಿಚಡಿ ಮಾಡಿ ಹೊಟ್ಟೆ ತುಂಬ ತಿಂದೆ. ಮೇಲೆ ಬಾಳೆಹಣ್ಣು. ಮೇಲೆ ಹಾಲು ಹಾಕಿದ ಚಹಾ. ಜೋಳದ ಒಂದು ಕಾಳು, ಅಕ್ಕಿಯ ಒಂದು ಅಗುಳು ಮುಟ್ಟಲಿಲ್ಲ. ಬಸವಕಲ್ಯಾಣಕ್ಕೆ ಬಂದು, ಅಲ್ಲಿಂದ ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿಯ ಬಸ್ಸು ಹಿಡಿದು ಹುಮನಾಬಾದ್ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ರಕ್ತ ತೆಗೆಯುವವರು ಕೇಳಿದರು, “ಉಪವಾಸ ಇದ್ದೀರೇನ್ರಿ?”

“ಹೌದ್ರಿ. ಇವತ್ತ ಸೋಮಾರ ಬ್ಯಾರೆ” ಎಂದೆ, ಹೆಮ್ಮೆಯಿಂದ.

ಅವರಿಗೂ ಖುಷಿಯಾಯಿತು, ನನಗೂ ಖುಷಿಯಾಯಿತು. ರಕ್ತ ತೆಗೆದರು. ಮೂತ್ರಕ್ಕೆ ಒಂದು ಸಣ್ಣ ಬಾಟಲಿ ಕೊಟ್ಟರು, ಅದನ್ನೂ ತುಂಬಿಸಿ ಕೊಟ್ಟೆ. ಎರಡೂ ಹೈದರಾಬಾದಿಗೆ ಹೋದವು.

ರಿಪೋರ್ಟು ನನ್ನ ಗಂಡನ ಮೊಬೈಲಿಗೆ ಬಂತು. ಚೂರುಗಳು ಇರಬೇಕಾದಷ್ಟೇ ಇವೆ, ನಾರ್ಮಲ್. ಡಿ ಜೀವಸತ್ವ ಮಾತ್ರ ಕಡಿಮೆ. ಡಾಕ್ಟರ್ ಬಾಯಿ ಹುಬ್ಬು ಗಂಟಿಕ್ಕಿದರು. ಆದರೆ ಕಾಗದದ ಮೇಲೆ ಉಪವಾಸ ಎಂದೇ ಬರೆದಿತ್ತು. ಕ್ಯಾಲ್ಸಿಯಂ, ಡಿ ಕೊಟ್ಟು, ಕೆಲವು ತಿಂಗಳು ಬಿಟ್ಟು ಬನ್ನಿ ಎಂದರು. ಮನೆಯಲ್ಲಿ ನೆಗೆಣ್ಣಿ ಅಂಗಳದಲ್ಲೇ ನಿಂತು ಪಕ್ಕದ ಮನೆಯವರಿಗೂ ಕೇಳುವ ಹಾಗೆ ಮಾತಾಡಿದಳು.

“ಇಕಿ ರಕ್ತನೇ ಹೇಳ್ತು ನೋಡ್ರಿ, ಏನೂ ಇಲ್ಲಂತ. ಡಿ ಕಮ್ಮಿ ಅದಂತ. ಬಿಸಿಲಾಗ ದುಡಿಯೋರಿಗಿ ಎಲ್ಲಿಂದ ಕಮ್ಮಿ ಆಗ್ತದ? ನೆಳ್ಳಾಗ ಕುರ್ಚಿ ಮ್ಯಾಲ ಕೂತ್ರ ಕಮ್ಮಿನೇ ಆಗ್ತದ.”

ಕಲಬುರಗಿ ಮಾತು ಅಲ್ಲಿಗೆ ಮುಗಿಯಿತು. ಸೆಗಣಿ ಬುಟ್ಟಿ, ಎಮ್ಮೆಗಳ ನೀರು, ರೊಟ್ಟಿ ಬಡಿಯುವುದು, ಎಲ್ಲ ಮೊದಲಿನ ಹಾಗೆ ನನ್ನ ಪಾಲಿಗೆ ಬಂದವು. ಸ್ವಲ್ಪ ಕೂತರೆ, ನಖರಾದಾಕಿ ಕೂತಳು. ಸ್ವಲ್ಪ ನಿಂತರೆ, ನಖರಾದಾಕಿ ನಿಂತಳು. ಮಕ್ಕಳೂ ಆ ಹೆಸರು ಕಲಿತವು.

ನಾನೂ ಸುಮ್ಮನಿದ್ದವಳಲ್ಲ. ಅವಳ ತಾಟಿಗೆ ಹೋಗುವ ರೊಟ್ಟಿಯ ಅಂಚನ್ನು ದಪ್ಪಗೆ ಬಿಡುತ್ತಿದ್ದೆ. ಮಜ್ಜಿಗೆ ಕೇಳಿದರೆ ಮೇಲಿನ ನೀರನ್ನೇ ಬಗ್ಗಿಸಿ ಕೊಡುತ್ತಿದ್ದೆ. ನನ್ನ ಕುರ್ಚಿಯನ್ನು ಸರಿಯಾಗಿ ಅವಳ ಒಲೆಗೂ ನೀರಿನ ಹರವಿಗೂ ನಡುವೆ ಹಾಕುತ್ತಿದ್ದೆ, ಕೊಡ ಹಿಡಿದು ಸುತ್ತಿ ಹೋಗಲಿ ಎಂದು. ಇವೆಲ್ಲ ಸಣ್ಣ ಸಮಾಧಾನಗಳು. ರಾತ್ರಿ ಮಗ್ಗುಲು ಬದಲಿಸುವಾಗ ಬೇನೆ ಎಬ್ಬಿಸಿದರೆ, ಎಲ್ಲಕ್ಕಿಂತ ಹೆಚ್ಚು ನೋಯುತ್ತಿದ್ದದ್ದು ನನ್ನ ರಕ್ತವೇ ನನಗೆ ಎದುರಾಗಿ ಸಾಕ್ಷಿ ಹೇಳಿತಲ್ಲ ಎಂಬುದು. ನನಗೇ ಅನುಮಾನ ಬರತೊಡಗಿತ್ತು, ಖರೆಯಾಗಿಯೂ ನಖರಾ ಮಾಡುತ್ತಿದ್ದೇನೋ ಎಂದು. ಆ ಅನುಮಾನ ಹುಟ್ಟಿಸಿದ್ದಕ್ಕೆ ಅವಳನ್ನು ಇನ್ನಷ್ಟು ದ್ವೇಷಿಸಿದೆ.

ಡಾಕ್ಟರ್ ಬಾಯಿ ಹೇಳಿದ ಹಾಗೆ ಕೆಲವು ತಿಂಗಳು ಬಿಟ್ಟು ಮತ್ತೆ ಹುಮನಾಬಾದಿಗೆ ಹೋಗಿ ಬಾಕಿನ ಮೇಲೆ ಕೂತಿದ್ದೆ. ನನ್ನ ಮುಂದೆ ಚಿಟಗುಪ್ಪದ ಕಡೆಯ ಒಬ್ಬ ಮುದುಕಿ ರಕ್ತ ಕೊಡಲು ಬಂದಿದ್ದಳು. ಲ್ಯಾಬಿಗೆ ಹೊಸದಾಗಿ ಬಂದಿದ್ದ ಹೆಂಗಸು ಕೇಳಿದಳು, “ಅವ್ವಾ, ಏನಾರ ತಿಂದೀರೇನು?”

“ಇಲ್ಲವ್ವ, ಉಪವಾಸ ಇದ್ದೀನಿ.”

“ಬಿಲ್ಕುಲ್ ಏನೂ ಇಲ್ಲ?”

“ಏನೂ ಇಲ್ಲ. ಜರಾ ಸಾಬುದಾಣಿ, ಒಂದ್ ಲೋಟ ಹಾಲು.”

“ಅದಕ್ಕ ಉಪವಾಸ ಅಂತಾರೇನವ್ವಾ? ಇಲ್ಲಿ ಉಪವಾಸ ಅಂದ್ರ ಬರೇ ನೀರು. ಹಾಲಿಲ್ಲ, ಹಣ್ಣಿಲ್ಲ, ಚಾ ಇಲ್ಲ. ನಾಳಿ ಮುಂಜಾನಿ ಬರ್ರಿ.”

ನಾನು ಬಾಕಿನಿಂದ ಎದ್ದು ನಿಂತುಬಿಟ್ಟೆ. ಮೊಣಕಾಲಿಗೆ ಕೈ ಊರಿದೆನೋ ಇಲ್ಲವೋ ನೆನಪಿಲ್ಲ. ಪಾಳಿ ಇಲ್ಲದಿದ್ದರೂ ಒಳಗೆ ನುಗ್ಗಿ, “ಬಾಯಿ, ನಾ ಅವತ್ತ ಸಾಬುದಾಣಿ ತಿಂದಿದ್ನಿರಿ” ಎಂದೆ.

ಡಾಕ್ಟರ್ ಬಾಯಿ ಪೆನ್ನು ಕೆಳಗಿಟ್ಟರು. “ಎಷ್ಟು ತಿಂದಿದ್ರಿ?”

“ಹೊಟ್ಟಿ ತುಂಬ.”

“ಎಷ್ಟೊತ್ತಿಗಿ ರಕ್ತ ಕೊಟ್ರಿ?”

“ಮಧ್ಯಾಹ್ನಕ್ಕ.”

ಅವರು ಹಣೆ ಹಿಡಿದುಕೊಂಡರು. ಎಲುಬು ಒಡೆಯುವುದು ರಾತ್ರಿಯಿಂದ ನಸುಕಿನವರೆಗೆ ಹೆಚ್ಚಂತೆ. ಹೊತ್ತು ಏರಿದಂತೆ ಇಳಿಯುತ್ತದೆ. ಹೊಟ್ಟೆಗೆ ಏನಾದರೂ ಬಿದ್ದರೆ ಇನ್ನೂ ಇಳಿಯುತ್ತದೆ. ಅದಕ್ಕೇ ಮುಂಜಾನೆಯೇ, ಬರಿ ಹೊಟ್ಟೆಯಲ್ಲೇ ರಕ್ತ ಕೊಡಬೇಕು. ಮೂತ್ರವಾದರೆ ಎದ್ದ ಮೇಲೆ ಎರಡನೆಯ ಸಲದ್ದು.

“ನಿಮ್ಮ ಮಾಳಿಗಿ ಕರಗೋದು ನಿಂತಿದ್ದಿಲ್ಲ ಬಾಯಿ” ಎಂದರು. “ನೀರು ತಿಳಿ ಆದ ಮ್ಯಾಲ ಬಂದು ನೋಡಿದ್ರಿ.”

ಈ ಸಾಬುದಾಣಿ ವಿಷಯವನ್ನು ಗಂಡನಿಗೆ ಬಿಟ್ಟು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನೆಗೆಣ್ಣಿಗೆ ಹಾಡಿಕೊಂಡು ನಗಲು ಇನ್ನೊಂದು ಸಿಕ್ಕಂತಾಗುತ್ತಿತ್ತು. ಮುಂದಿನ ವಾರ ಮೊದಲ ಬಸ್ಸಿಗೆ ಹೊರಟೆ. ನೀರು ಬಿಟ್ಟು ಏನೂ ಮುಟ್ಟಲಿಲ್ಲ, ಲ್ಯಾಬಿನ ಬಾಗಿಲು ತೆರೆಯುವಾಗ ನಾನು ಮೆಟ್ಟಿಲ ಮೇಲಿದ್ದೆ. ರಿಪೋರ್ಟು ಬಂದ ಮೇಲೆ ಮತ್ತೆ ಡಾಕ್ಟರ್ ಬಾಯಿಯ ಹತ್ತಿರ ಹೋದೆ. ಈ ಸಲ ಚೂರುಗಳು ಮೇಲಿನ ಗೆರೆಯನ್ನು ಎಲ್ಲೋ ದಾಟಿ ಹೋಗಿದ್ದವು, ರಕ್ತದಲ್ಲೂ, ಮೂತ್ರದಲ್ಲೂ. ತನ್ನ ಎಲುಬು ಕರಗುತ್ತಿದೆ ಎಂದು ಕೇಳಿ ಖುಷಿಪಟ್ಟವಳು ಹುಮನಾಬಾದಿನಲ್ಲಿ ನಾನೊಬ್ಬಳೇ ಇರಬೇಕು. ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಪೇಢೆ ಕೊಂಡು, ಮನೆಗೆ ಬಂದು, ಮೊದಲ ಪೇಢೆಯನ್ನು ನೆಗೆಣ್ಣಿಯ ಕೈಗೇ ಇಟ್ಟೆ.

“ಏನಿದು?”

“ನನ್ನ ಎಲುಬು ಖರೇನ ಸವಿಯಾಕತ್ತಾವಂತ ಯಕ್ಕಾ. ಬಾಯಿ ಸಿಹಿ ಮಾಡ್ಕೊ.”

ಅವಳು ಪೇಢೆ ಬಾಯಿಗೆ ಹಾಕಿಕೊಂಡಳು, ನಿಧಾನ ತಿಂದಳು, ಬೆರಳು ಒರೆಸಿಕೊಂಡಳು. “ಮಿಷಿನ್‌ದಾಗ ಏನಾರ ಹೆಚ್ಚುಕಮ್ಮಿ ಆಗಿರಬೇಕು” ಎಂದು ಒಳಗೆ ಹೋದಳು. ಮಾತು ವಾಪಸು ಬರಲಿಲ್ಲ.

ಆದರೆ ಕಲಬುರಗಿಗೆ ಹೋಗುವುದನ್ನು ಭಾವನೂ ತಡೆಯಲಾಗಲಿಲ್ಲ. ಸ್ಕ್ಯಾನಿನಲ್ಲಿ ಎಲುಬು ಟೊಳ್ಳಾದದ್ದು ಕಂಡಿತು. ಬೆನ್ನಿನ ಒಂದು ಮಣಿ ಯಾವಾಗಲೋ ಕುಸಿದು ಕೂತದ್ದೂ ಕಂಡಿತು. ವಾರಕ್ಕೊಂದು ಗುಳಿಗೆ ಶುರುವಾಯಿತು. ಅದನ್ನು ಮುಂಜಾನೆ ಬರಿ ಹೊಟ್ಟೆಯಲ್ಲಿ ದೊಡ್ಡ ಲೋಟ ನೀರಿನೊಂದಿಗೆ ನುಂಗಿ, ಅರ್ಧ ತಾಸು ಬಗ್ಗದೆ, ಮಲಗದೆ ನೆಟ್ಟಗೆ ಇರಬೇಕು. ಹಾಗೆಂದು ಡಾಕ್ಟರ ಅಪ್ಪಣೆ. ಆ ದಿನ ನಾನು ಅಂಗಳದ ನಡುವೆ ಕುರ್ಚಿ ಹಾಕಿ ನೆಟ್ಟಗೆ ಕೂರುತ್ತಿದ್ದೆ. ಒಲೆ ಹಚ್ಚುವವಳು ಅವಳು, ಎಮ್ಮೆ ಹಿಂಡುವವಳು ಅವಳು. ಇಷ್ಟು ರುಚಿಯ ಔಷಧಿಯನ್ನು ನಾನು ಜನ್ಮದಲ್ಲಿ ತೆಗೆದುಕೊಂಡಿಲ್ಲ. ಕೆಲವು ತಿಂಗಳ ಮೇಲೆ ಮತ್ತೆ ರಕ್ತ ನೋಡಿದಾಗ ಚೂರುಗಳು ಇಳಿದಿದ್ದವು. ಗುಳಿಗೆ ಕೆಲಸ ಮಾಡುತ್ತಿದೆ ಎನ್ನುವುದು ಸ್ಕ್ಯಾನಿಗಿಂತ ಮೊದಲು ಇದರಲ್ಲೇ ಗೊತ್ತಾಗುತ್ತದೆ ಎಂದರು ಡಾಕ್ಟರ್ ಬಾಯಿ.

ಆ ಹೊತ್ತಿಗೇ ನಾನು ಇನ್ನೊಂದನ್ನು ಗಮನಿಸಿದ್ದು. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಎತ್ತರಕ್ಕೆ ಒಂದು ಮಾಡ ಇದೆ, ಅದರಲ್ಲಿ ಉಪ್ಪಿನಕಾಯಿ ಭರಣಿ. ನೆಗೆಣ್ಣಿ ಎತ್ತರದ ಹೆಂಗಸು. ಸುಮ್ಮನೆ ಕೈ ಚಾಚಿ ಭರಣಿ ಇಳಿಸುತ್ತಿದ್ದಳು. ಈಗ ತುದಿಗಾಲಿನ ಮೇಲೆ ನಿಲ್ಲುತ್ತಿದ್ದಳು. ಇನ್ನೂ ಕೆಲವು ದಿನಕ್ಕೆ ಕೆಳಗೊಂದು ಡಬ್ಬ ಕವುಚಿ ಹಾಕಿ ಹತ್ತತೊಡಗಿದಳು. ಇಳಿಯುವಾಗ ಗೋಡೆ ಹಿಡಿಯುತ್ತಿದ್ದಳು, ಬಾಯಿ ಬಿಗಿ ಹಿಡಿದು. ನಾನು ನೋಡಿದೆ, ಏನೂ ಹೇಳಲಿಲ್ಲ. ಅವಳೂ ನನ್ನ ಹಾಗೆ ಬೆನ್ನು ಕುಸಿದು ಗಿಡ್ಡಾಗುತ್ತಿದ್ದಾಳೆ ಎಂದು ನನಗೊಬ್ಬಳಿಗೇ ಗೊತ್ತಿದ್ದ ಆ ದಿನಗಳು ಎಷ್ಟು ಸುಖವಾಗಿದ್ದವು ಎಂದು ಬರೆಯಲು ನನಗೆ ನಾಚಿಕೆಯಿಲ್ಲ.

ಒಂದು ಸಂಜೆ ಕೊಟ್ಟಿಗೆಯಲ್ಲಿ ನಾವಿಬ್ಬರೇ ಇದ್ದೆವು. ಅವಳು ಎಮ್ಮೆಯ ಆಚೆ ಬದಿಗೆ ನಿಂತು, ನನ್ನ ಮುಖ ನೋಡದೆ ಹೇಳಿದಳು:

“ನಂಗೂ ಹಂಗೇ ಆಗಾಕತ್ತದ.”

“ಹ್ಯಾಂಗ?”

“ನಿಂಗ ಆಗ್ತದಲ್ಲ, ಹಂಗ. ಬೆನ್ನಾಗ.”

“ಬೆನ್ನಾಗ ಏನು?”

“ಬ್ಯಾನಿ.”

“ನಖರಾ ಇರಬೇಕು ಯಕ್ಕಾ” ಎಂದೆ.

ಅವಳು ಎಮ್ಮೆಯ ಬಾಲಕ್ಕೆ ಅಂಟಿದ ಸೆಗಣಿಯನ್ನು ಬಿಡಿಸುತ್ತ ನಿಂತಳು. ಗಂಡನಿಗೆ ಹೇಳುವ ಹಾಗಿಲ್ಲ, ಮಗನಿಗೆ ಹೇಳುವ ಹಾಗಿಲ್ಲ. ಮನೆಯಲ್ಲಿ ಬೆನ್ನುಬೇನೆಗೆ ಇದ್ದ ಹೆಸರು ಒಂದೇ, ಅದನ್ನು ಇಟ್ಟವಳು ತಾನೇ. ಅವಳ ಬಾಯಿಗೆ ಅವಳೇ ಬೀಗ ಹಾಕಿಕೊಂಡಿದ್ದಳು. ನಾನು ಸೊಪ್ಪೆ ಹಾಕುತ್ತ ಹಾಕುತ್ತ ಸಾಕಷ್ಟು ಹೊತ್ತು ಕಾಯಿಸಿದೆ.

“ಹುಮನಾಬಾದಿಗಿ ಕರಕೊಂಡು ಹೋಗ್ತೀನಿ” ಎಂದೆ ಕೊನೆಗೆ. “ಆದ್ರ ಅಮಾಸಿ ದಿನ, ಹೊಲದಾಗ, ಅಷ್ಟೂ ಮಂದಿ ಮುಂದ ಆ ಮಾತು ವಾಪಸ್ ತಗೋಬೇಕು.”

“ತಗೋತೀನಿ.”

“ಎಮ್ಮಿ ಮುಟ್ಟಿ ಆಣಿ ಮಾಡು.”

ಎಮ್ಮೆಯ ಬೆನ್ನು ಮುಟ್ಟಿ ಆಣೆ ಮಾಡಿದಳು.

ಮನೆಯಲ್ಲಿ ಅವಳು, ನನ್ನನ್ನು ಒಬ್ಬಳೇ ಕಳಿಸುವುದು ಬೇಡ, ತಾನೂ ಜೊತೆಗೆ ಹೋಗಿ ಬರುತ್ತೇನೆ ಎಂದು ಸುಳ್ಳು ಹೇಳಿದಳು. ಅವಳ ಬೇನೆ ನನ್ನ ನಖರಾದ ಸೆರಗು ಹೊದ್ದು ಹುಮನಾಬಾದಿಗೆ ಹೊರಟಿತು. ಡಾಕ್ಟರ್ ಬಾಯಿ ಅವಳಿಗೂ ಅದೇ ಪ್ರಶ್ನೆ ಕೇಳಿದರು, ಗರ್ಭಚೀಲ ತೆಗೆಸಿದ್ದೀರಾ ಎಂದು. ಹೌದು ಎಂದಳು. ಆಮೇಲೆ ಯಾರೂ ಕೇಳದೆಯೇ ನನ್ನ ಕಡೆ ಕೈ ಮಾಡಿ, “ಇಕಿನ್ನೂ ನಾನೇ ಕರಕೊಂಡು ಹೋಗಿದ್ನಿರಿ” ಎಂದಳು. ನಾನು ಏನೂ ಅನ್ನಲಿಲ್ಲ. ಅಂದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ರಕ್ತಕ್ಕೆ ಬೇರೆ ದಿನ ಗೊತ್ತುಮಾಡಿದರು. ಲ್ಯಾಬಿನ ಆ ಹೆಂಗಸು ಅವತ್ತು ರಜೆಯಲ್ಲಿದ್ದಳು. ಇದ್ದವರು ಹಳೆಯ ಪದ್ಧತಿಯಂತೆ, “ಉಪವಾಸ ಬರ್ರಿ” ಎಂದು ಒಂದೇ ಮಾತು ಹೇಳಿ ಕಳಿಸಿದರು.

ಹಿಂದಿನ ಸಂಜೆ ಅವಳು ಅಡುಗೆಮನೆಯಿಂದ ಕೂಗಿ ಕೇಳಿದಳು. “ಉಪವಾಸ ಅಂದಾರಲ್ಲ, ಸಾಬುದಾಣಿ ನೆನಿ ಹಾಕ್ಲೇನು?”

“ಹಾಕು” ಎಂದೆ.

ಉಣ್ಣುವಾಗ, ತಾಟು ತೊಳೆಯುವಾಗ, ಹಾಸಿಗೆ ಹಾಸುವಾಗ ಅದನ್ನೇ ಯೋಚಿಸಿದೆ. ಅವಳು ತಿನ್ನುತ್ತಾಳೆ. ರಕ್ತ ತಿಳಿಯಾಗುತ್ತದೆ. ರಿಪೋರ್ಟು ನಾರ್ಮಲ್ ಬರುತ್ತದೆ. ಅಂಗಳದಲ್ಲಿ ನಿಂತು, ಪಕ್ಕದ ಮನೆಯವರಿಗೂ ಕೇಳುವ ಹಾಗೆ ನಾನು ಓದುತ್ತೇನೆ. ಅವಳ ಎಲುಬು ಕರಗುತ್ತಲೇ ಇರುತ್ತದೆ, ಯಾರೂ ನಂಬುವುದಿಲ್ಲ, ಕೊನೆಗೆ ಅವಳೂ ತನ್ನನ್ನು ನಂಬುವುದಿಲ್ಲ. ನಾನು ಅನುಭವಿಸಿದ್ದು ಒಂದು ಹನಿಯೂ ಚೆಲ್ಲದೆ ಅವಳ ಬಟ್ಟಲಿಗೆ ಹೋಗುತ್ತಿತ್ತು. ಇಂಥ ಸೇಡು ಯಾರಿಗೆ ಕೂತಲ್ಲೇ ಕೈಗೆ ಬರುತ್ತದೆ?

ನಸುಕಿನಲ್ಲಿ ನಾನೇ ಎದ್ದು ಸಾಬುದಾಣಿ ಹುರಿದೆ. ತುಪ್ಪ ಕೈ ಬಿಟ್ಟು ಹಾಕಿದೆ. ಬಸ್ಸಿನಲ್ಲಿ ತಿನ್ನೋಣ ಎಂದು ಡಬ್ಬಿಗೆ ತುಂಬಿಕೊಂಡೆ. ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹತ್ತಿ, ರಾಜೇಶ್ವರ ದಾಟಿದ ಮೇಲೆ ಡಬ್ಬಿ ಬಿಚ್ಚಿದೆ. ಹುರಿದ ಶೇಂಗಾದ ವಾಸನೆಗೆ ಮುಂದಿನ ಸೀಟಿನವರೂ ತಿರುಗಿ ನೋಡಿದರು. ನೆಗೆಣ್ಣಿ ಕೈ ಚಾಚಿದಳು.

ನಾನು ಡಬ್ಬಿಯನ್ನು ಕಿಟಕಿಯ ಕಡೆಗೆ ಸರಿಸಿದೆ. “ನಿಂಗಲ್ಲ. ನೀ ನೀರು ಕುಡಿ.”

“ಉಪವಾಸಕ್ಕ ಸಾಬುದಾಣಿ ನಡೀತದಲ್ಲ?”

“ಶಿವನ ಉಪವಾಸಕ್ಕ ನಡೀತದ. ಎಲುಬಿನ ಉಪವಾಸಕ್ಕ ನಡಿಯಂಗಿಲ್ಲ.”

ಇದನ್ನು ದಯೆ ಎಂದು ಯಾರೂ ತಿಳಿಯಬಾರದು. ಅವಳ ರಿಪೋರ್ಟು ನಾರ್ಮಲ್ ಬಂದರೆ, ಬೆನ್ನುಬೇನೆ ಅಂದರೆ ನಖರಾ ಎಂಬ ಮಾತು ಮನೆಯಲ್ಲಿ ಕಾಯಂ ಆಗುತ್ತಿತ್ತು. ಆಮೇಲೆ ಅವಳು ವಾಪಸು ತೆಗೆದುಕೊಂಡರೂ ಅದಕ್ಕೆ ಬೆಲೆ ಇರುತ್ತಿರಲಿಲ್ಲ. ನನಗೆ ಅವಳ ರಕ್ತ ಖರೆ ಹೇಳಬೇಕಿತ್ತು. ಉಳಿದದ್ದಕ್ಕೆ ಡಬ್ಬಿ ಇತ್ತು. ಹುಮನಾಬಾದ್ ಬರುವವರೆಗೆ ಅವಳ ಪಕ್ಕದಲ್ಲೇ ಕೂತು, ಒಂದೊಂದೇ ತುತ್ತು ಅಗಿದು ಅಗಿದು, ಡಬ್ಬಿಯ ತಳ ಕೆರೆಯುವವರೆಗೆ ತಿಂದೆ. ಅವಳು ಬಾಟಲಿಯ ನೀರು ಗುಟುಕರಿಸುತ್ತ ಕಿಟಕಿಯ ಹೊರಗೆ ನೋಡುತ್ತಿದ್ದಳು.

ರಿಪೋರ್ಟು ನನ್ನ ಮೊಬೈಲಿಗೆ ಬಂತು. ಭಾವನ ಮೊಬೈಲಿಗೆ ಕಳಿಸುವ ಹಾಗಿರಲಿಲ್ಲವಲ್ಲ. ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದವಳ ಹತ್ತಿರ ಹೋಗಿ ನಿಂತೆ.

“ನಂದು ಎಷ್ಟು ರಾಡಿ ಅದ?” ಎಂದು ಕೇಳಿದಳು.

“ನಂದಕ್ಕಿಂತ ಜಾಸ್ತಿ.”

“ನಿಂದಕ್ಕಿಂತ ಜಾಸ್ತಿ?” ಎಂದಳು. ಆ ಧ್ವನಿಯಲ್ಲಿ ಹೆದರಿಕೆಯೂ ಇತ್ತು, ಹಿರಿಯಳಾದವಳಿಗೆ ಎಲ್ಲದರಲ್ಲೂ ಹೆಚ್ಚೇ ಇರಬೇಕು ಎಂಬ ಅವಳ ಹಳೆಯ ಜಂಬವೂ ಒಂದಿಷ್ಟು ಇತ್ತು. ಒದ್ದೆ ಸೀರೆಯನ್ನು ಹಿಂಡುವುದನ್ನು ಮರೆತು ಹಾಗೇ ಹಿಡಿದು ನಿಂತಳು. ನೀರು ಅವಳ ಪಾದದ ಮೇಲೆ ಸುರಿಯುತ್ತಿತ್ತು. ಅಂದಿನಿಂದ ಅವಳ ಗುಳಿಗೆ ನನ್ನ ಟ್ರಂಕಿನಲ್ಲಿ, ನನ್ನ ಗುಳಿಗೆಯ ಪಕ್ಕದಲ್ಲಿ ಇರತೊಡಗಿತು. ವಾರಕ್ಕೊಮ್ಮೆ ಮುಂಜಾನೆ ನನ್ನ ಕೋಣೆಗೆ ಬಂದು ನುಂಗಿ ಹೋಗುತ್ತಿದ್ದಳು. ಅರ್ಧ ತಾಸು ನೆಟ್ಟಗಿರಲು ಅವಳಿಗೆ ಕುರ್ಚಿ ಇರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲುತ್ತಿದ್ದಳು.

ಎಳ್ಳಮಾವಾಸ್ಯೆ ಬಂತು. ಅದೇ ಹೊಲ, ಅದೇ ಬೀಗರು, ಅದೇ ಭಜ್ಜಿಯ ಕಂಪು. ನನ್ನ ಗಂಡ ಕುರ್ಚಿ ತಂದು ಹಾಕಿದರು, ನಾನು ಕೂತೆ. ಇವತ್ತು ಮಾತು ಬರಬೇಕು ಎಂದು ಅವಳನ್ನೇ ನೋಡುತ್ತಿದ್ದೆ. ಚರಗ ಚೆಲ್ಲಿ ಆಯಿತು. ರೊಟ್ಟಿಯ ಬುಟ್ಟಿಯನ್ನು ಸಾಲಿನ ಆ ತುದಿಗೆ ಒಯ್ಯಲು ಅವಳು ಬಗ್ಗಿದಳು. ಅರ್ಧ ಎತ್ತಿದಳು. ಮತ್ತೆ ಕೆಳಗಿಟ್ಟು ನಡು ಹಿಡಿದುಕೊಂಡಳು.

ಭಾವ ಇದನ್ನು ನೋಡಿ ದೊಡ್ಡದಾಗಿ ಹೇಳಿದರು, “ಈಗ ಇಕಿದೂ ಸುರು ಆತ್ ನೋಡ್ರಿ ನಖರಾ. ಅಕಿ ಗಾಳಿ ಇಕಿಗೂ ಬಡೀತು.”

ಎಲ್ಲರೂ ನಕ್ಕರು. ನಕ್ಕು ನನ್ನ ಕಡೆ ನೋಡಿದರು, ಎಲ್ಲರಿಗಿಂತ ಜೋರಾಗಿ ನಾನು ನಗಬೇಕು ಎನ್ನುವ ಹಾಗೆ. ಆ ಮಾತನ್ನು ಅವಳಿಗೆ ವಾಪಸು ಕೊಡುವ ಹಕ್ಕು ನನ್ನದಿತ್ತು. ನಾನು ಜೋಪಾನವಾಗಿ ಇಟ್ಟುಕೊಂಡಿದ್ದನ್ನು ಈ ಮನುಷ್ಯ ರೊಟ್ಟಿ ಅಗಿಯುತ್ತ ಎಸೆದುಬಿಟ್ಟರು. ನನಗೆ ನಗು ಬರಲಿಲ್ಲ.

ನೆಗೆಣ್ಣಿ ನಡು ಹಿಡಿದೇ ನೆಟ್ಟಗಾದಳು. “ನಾ ಅವತ್ತ ಅಂದದ್ದು ಸುಳ್ಳು” ಎಂದಳು. “ಇಕಿದು ನಖರಾ ಅಲ್ಲ. ಇಕಿ ಬ್ಯಾನಿ ಖರೇ ಅದ.”

ನಗು ನಿಂತಿತು. ಎಮ್ಮೆಯ ಆಣೆಯನ್ನು ಅವಳು ಉಳಿಸಿಕೊಂಡಳು. ನನಗೆ ಬರಬೇಕಾದದ್ದು ಬಂತು.

“ಅಕಿದು ಖರೇ ಆದ್ರ ನಿಂದು?” ಎಂದರು ಭಾವ. ಮತ್ತೆ ಯಾರೋ ಕಿಸಕ್ಕೆಂದರು.

ನನ್ನ ಬೇನೆಗೆ ಸಾಕ್ಷಿ ಹೇಳಿದವಳಿಗೆ ತನ್ನ ಬೇನೆಗೆ ಹೇಳಲಾಗಲಿಲ್ಲ. ಬುಟ್ಟಿಯ ಮುಂದೆ ನಿಂತೇ ಇದ್ದಳು. ನಾನು ಅಲ್ಲಿಗೇ ಬಿಡಬಹುದಿತ್ತು. ಆದರೆ ಎಲ್ಲಿಲ್ಲದ ಸಿಟ್ಟು ಬಂತು, ಅದು ಈ ಸಲ ಅವಳ ಮೇಲಲ್ಲ. ಸೆರಗು ಮುಂದೆಳೆಯುವುದನ್ನು ಮರೆತು, ಜೀವನದಲ್ಲಿ ಮೊದಲ ಸಲ ಭಾವನ ಮುಖ ನೋಡಿ ಮಾತಾಡಿದೆ.

“ಅಕಿದೂ ನಖರಾ ಅಲ್ರಿ ಭಾವನೋರ. ಅಕಿ ರಕ್ತ ನಾ ನೋಡೀನಿ, ನಂದಕ್ಕಿಂತ ರಾಡಿ ಅದ. ಗುಳಗಿ ನುಂಗಾಕತ್ತಾಳ, ನಿಮ್ಗ ಹೇಳಾಕ ಹೆದರಿ ನನ್ನ ಟ್ರಂಕಿನಾಗ ಇಟ್ಟಾಳ. ಬುಟ್ಟಿ ನೀವ ಎತ್ರಿ. ಬರೋ ವರ್ಷ ಕುರ್ಚಿ ಎರಡು ಬೇಕಾಗ್ತಾವ, ಒಂದು ನೀವ ಹೊತ್ತು ತರ್ರಿ.”

ಅವಳು ಇಷ್ಟು ದಿನ ಮುಚ್ಚಿಟ್ಟದ್ದನ್ನು ಅಷ್ಟೂ ಮಂದಿಯ ಮುಂದೆ ಬಿಚ್ಚಿ ಹಾಕಿದ್ದೂ ಆಯಿತು. ಅದರಲ್ಲಿ ಎಷ್ಟು ಅವಳ ಪರ, ಎಷ್ಟು ಅವಳ ಮೇಲಿನ ಸೇಡು ಎಂದು ನಾನು ಇವತ್ತಿಗೂ ತೂಗಿ ನೋಡಿಲ್ಲ. ಭಾವ ಕೈ ತೊಳೆದುಕೊಂಡು ಎದ್ದರು, ಬುಟ್ಟಿ ಎತ್ತಿಕೊಂಡು ಸಾಲಿನ ಆ ತುದಿಗೆ ನಡೆದರು.

ನೆಗೆಣ್ಣಿ ಮೆಲ್ಲಗೆ ನನ್ನ ಹತ್ತಿರ ಬಂದು ಕುರ್ಚಿಯ ಬೆನ್ನಿನ ಮೇಲೆ ಕೈ ಊರಿ ನಿಂತಳು. ಅವಳ ಭಾರಕ್ಕೆ ಕುರ್ಚಿಯ ಹಿಂಗಾಲುಗಳು ಕಪ್ಪು ಮಣ್ಣಿನಲ್ಲಿ ಸ್ವಲ್ಪ ಇಳಿದವು. ಅವಳು ಕೂರಬೇಕೆಂದು ನಿಂತಿದ್ದಾಳೆ ಎಂದು ನನಗೆ ಗೊತ್ತಿತ್ತು. ಒರಗಲು ಅವಳಿಗೆ ಕುರ್ಚಿಯ ಬೆನ್ನು ಬಿಟ್ಟುಕೊಟ್ಟು ನಾನು ಸ್ವಲ್ಪ ಮುಂದೆ ಸರಿದು ಕೂತೆ. ಏಳಲಿಲ್ಲ.